ಅಫ್ರಹಾತ್: ಪರ್ಷಿಯದ ಜ್ಞಾನಿಯ ಪ್ರಾರ್ಥನಾ ಬೋಧನೆ

ಅಫ್ರಹಾತ್ 4ನೇ ಶತಮಾನದ ಮೊದಲರ್ಧದಲ್ಲಿ ಸಾಸಾನಿ ದೊರೆಗಳ ಪರ್ಷಿಯ ಸಾಮ್ರಾಜ್ಯದಲ್ಲಿ ಬಾಳಿದ ಕ್ರೈಸ್ತ ಸಂತ. ಸಿರಿಯಾಕ್ ಭಾಷೆಯ ಮೊದಮೊದಲ ದೊಡ್ಡ ಗದ್ಯಲೇಖಕರಲ್ಲಿ ಒಬ್ಬ. ‘ಪರ್ಷಿಯದ ಜ್ಞಾನಿ’ ಎಂಬ ಬಿರುದಿನಿಂದಲೇ ಹೆಚ್ಚು ಪರಿಚಿತ. ಈತನ 23 ನಿರೂಪಣೆಗಳು ಉಳಿದುಬಂದಿದ್ದು, ಅವುಗಳಲ್ಲಿ ನಾಲ್ಕನೆಯದು ಪ್ರಾರ್ಥನೆಯನ್ನು ಕುರಿತದ್ದು. ಕ್ರಿಸ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯ ವ್ಯಾಖ್ಯಾನಕ್ಕೆ ಕಟ್ಟುಬೀಳದೆ, ಪ್ರಾರ್ಥನೆಯನ್ನೇ ವಿಷಯವಾಗಿ ಹಿಡಿದು ಬರೆದ ಕ್ರೈಸ್ತ ಗ್ರಂಥಗಳಲ್ಲಿ ನಮಗೆ ಉಳಿದಿರುವ ಅತಿ ಹಳೆಯದು ಇದೇ ಎಂದು ವಿದ್ವಾಂಸರು ಎಣಿಸುತ್ತಾರೆ. ಈತ ಸೇರಿದ್ದ ಪೂರ್ವ ಸಿರಿಯಾಕ್ ಪರಂಪರೆ ಕೇರಳದ ಸಿರೋ-ಮಲಬಾರ್ ಸಭೆಯ ಮೂಲಕ ದಕ್ಷಿಣ ಬೆಂಗಳೂರಿಗೂ ಬಂದಿದೆ. ಬಿಟಿಎಂ ಬಡಾವಣೆಗೆ ತಾಗಿದಂತಿರುವ ಸುದ್ದಗುಂಟೆಪಾಳ್ಯದ ಧರ್ಮಾರಾಮ್ ಗುರುಮಠ ಅದರ ಮುಖ್ಯ ನೆಲೆ.

ಕಾಲ ಮತ್ತು ಬದುಕು

ಅಫ್ರಹಾತನ ಬದುಕಿನ ವಿವರಗಳು ಬಹಳ ಕಡಿಮೆ. ಇಂದಿನ ಇರಾಕಿನ ಉತ್ತರ ಭಾಗದಲ್ಲಿದ್ದನೆಂಬುದು ಸಾಮಾನ್ಯ ಅಭಿಪ್ರಾಯ. ಮೊಸುಲ್ ಬಳಿಯ ಮಾರ್ ಮತ್ತಾಯಿ ಮಠದ ಮುಖ್ಯಸ್ಥನಾಗಿದ್ದನೆಂಬ ಮಾತು ಬಹು ತಡವಾಗಿ ಹುಟ್ಟಿದ್ದು, ಅದನ್ನು ನಂಬುವುದು ಕಷ್ಟ. ಅವನ ಬರಹದಿಂದಲೇ ಸ್ಪಷ್ಟವಾಗುವ ಸಂಗತಿ ಒಂದಿದೆ: ಆತ ‘ಒಡಂಬಡಿಕೆಯ ಮಕ್ಕಳು’ ಎಂಬ ಬಳಗಕ್ಕೆ ಸೇರಿದವನು. ಇವರು ಮದುವೆಯಿಲ್ಲದೆ, ಸರಳವಾಗಿ, ಪ್ರಾರ್ಥನೆ ಮತ್ತು ಸೇವೆಗೆ ತಮ್ಮನ್ನು ಕೊಟ್ಟುಕೊಂಡವರು. ಆದರೆ ಈಜಿಪ್ಟಿನ ತಪಸ್ವಿಗಳಂತೆ ಊರು ತೊರೆದು ಮರುಭೂಮಿ ಸೇರಿದವರಲ್ಲ, ಊರಿನ ಸಭೆಯ ನಡುವೆಯೇ ಇದ್ದವರು. ಅವನ ಬೋಧನೆಯಲ್ಲಿ ದಾರಿಹೋಕರು, ರೋಗಿಗಳು, ಸಾಲಗಾರರು ಇಷ್ಟು ಹತ್ತಿರದಲ್ಲಿ ಕಾಣಿಸುವುದಕ್ಕೆ ಈ ಊರೊಳಗಿನ ಬಾಳೇ ಕಾರಣವೆಂದು ಧಾರಾಳವಾಗಿ ಹೇಳಬಹುದು.

ರೋಮಿನಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತರ ಪರವಾಗಿ ನಿಂತ ಮೇಲೆ, ರೋಮಿನ ವೈರಿಯಾಗಿದ್ದ ಪರ್ಷಿಯದಲ್ಲಿ ಕ್ರೈಸ್ತರು ಶತ್ರುವಿನ ಕಡೆಯವರೆಂಬ ಗುಮಾನಿಗೆ ಒಳಗಾದರು. 2ನೇ ಶಾಪುರ್ ದೊರೆ ಅವರ ಮೇಲೆ ಇಮ್ಮಡಿ ತೆರಿಗೆ ಹೇರಿದ. ಸುಮಾರು 340ರಿಂದ ಕ್ರೂರ ಹಿಂಸೆ ಆರಂಭವಾಯಿತು. ರಾಜಧಾನಿ ಸೆಲ್ಯೂಸಿಯ-ಕ್ಟೆಸಿಫೋನಿನ ಧರ್ಮಾಧ್ಯಕ್ಷ ಶೆಮಾವೋನ್ ಬರ್ ಸಬ್ಬಾಯೆ ಈ ಹಿಂಸೆಯಲ್ಲಿ ಹುತಾತ್ಮನಾದ. ಅಫ್ರಹಾತನ ಮೊದಲ ಹತ್ತು ನಿರೂಪಣೆಗಳು 336–337ರಲ್ಲಿ, ಅಂದರೆ ಹಿಂಸೆಗೆ ಮುನ್ನ ಬರೆದವು. ಮುಂದಿನ ಹನ್ನೆರಡು 343–344ರಲ್ಲಿ, ಕೊನೆಯದು 345ರಲ್ಲಿ. ಹಿಂಸೆಯ ನಡುವೆ ಬರೆದ ಭಾಗಗಳಲ್ಲಿ ದನಿ ಬಿಗಿಯಾಗುತ್ತದೆ, ವಾದ ಹೆಚ್ಚುತ್ತದೆ. ಪ್ರಾರ್ಥನೆಯ ಕುರಿತ ನಿರೂಪಣೆ ಅದಕ್ಕೂ ಮೊದಲಿನದಾದ್ದರಿಂದ ಅದರಲ್ಲಿ ಒಬ್ಬ ಸ್ನೇಹಿತ ಇನ್ನೊಬ್ಬನಿಗೆ ಕಾಗದ ಬರೆಯುವ ಬಿಡುವೂ ಆಪ್ತತೆಯೂ ಇದೆ.

ಗ್ರಂಥದ ರೂಪ

ಮೊದಲ 22 ನಿರೂಪಣೆಗಳು ಸಿರಿಯಾಕ್ ವರ್ಣಮಾಲೆಯ 22 ಅಕ್ಷರಗಳಿಂದ ಅನುಕ್ರಮವಾಗಿ ಆರಂಭವಾಗುತ್ತವೆ. ನಂಬಿಕೆ, ಪ್ರೀತಿ, ಉಪವಾಸ ಆದಮೇಲೆ ಪ್ರಾರ್ಥನೆಯ ಸರದಿ. ಗ್ರೀಕ್ ತತ್ತ್ವಶಾಸ್ತ್ರದ ಪರಿಭಾಷೆ ಇಲ್ಲಿ ಇಲ್ಲವೆಂದೇ ಹೇಳಬೇಕು. 325ರ ನೈಸಿಯ ಮಹಾಸಭೆಯ ಚರ್ಚೆಗಳ ಸುಳಿವೂ ಸಿಗುವುದಿಲ್ಲ. ಅಫ್ರಹಾತ್ ಬೈಬಲನ್ನು ಬೈಬಲಿನಿಂದಲೇ ಬಿಡಿಸುತ್ತಾನೆ. ಒಂದು ಕಥೆಗೆ ಇನ್ನೊಂದು ಕಥೆಯನ್ನು ಜೋಡಿಸುತ್ತಾ ಹೋಗುವ ಅವನ ಈ ಕ್ರಮ ಯೆಹೂದಿ ಗುರುಗಳ ವ್ಯಾಖ್ಯಾನ ಪದ್ಧತಿಗೆ ಬಹಳ ಸಮೀಪದ್ದು.

ಮೊದಲ ಹತ್ತು ನಿರೂಪಣೆಗಳ ಹಸ್ತಪ್ರತಿಯೊಂದರಲ್ಲಿ 474ರ ಕಾಲಸೂಚನೆಯಿದೆ. ಉಳಿದವುಗಳ ಪ್ರತಿ 512ರದು. ಈಜಿಪ್ಟಿನ ಮರುಭೂಮಿಯ ಸಿರಿಯನ್ನರ ಮಠದಲ್ಲಿ ಕಾಪಾಡಿಕೊಂಡು ಬಂದಿದ್ದ ಈ ಪ್ರತಿಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅರ್ಮೇನಿಯನ್ ಅನುವಾದದಲ್ಲಿ ಲೇಖಕನ ಹೆಸರೇ ಬದಲಾಗಿ, ನಿಸಿಬಿಸ್‌ನ ಯಾಕೋಬನ ಕೃತಿಯೆಂದು ಹಲವು ಕಾಲ ನಡೆದಿತ್ತು. ಸಿರಿಯಾಕ್ ಮೂಲವನ್ನು ವಿಲಿಯಂ ರೈಟ್ 1869ರಲ್ಲಿ ಮುದ್ರಿಸಿದರು. ಪ್ರಾರ್ಥನೆಯ ನಿರೂಪಣೆ ಸಾಮಾನ್ಯ ಓದುಗರಿಗೆ ತಲುಪಿದ್ದು ಆಕ್ಸ್‌ಫರ್ಡಿನ ಸೆಬಾಸ್ಟಿಯನ್ ಬ್ರಾಕ್ 1987ರಲ್ಲಿ ತಂದ ಇಂಗ್ಲಿಷ್ ಸಂಕಲನದ ಮೂಲಕ. ಕೊಟ್ಟಾಯಂನಲ್ಲಿ 1985ರಲ್ಲಿ ಸ್ಥಾಪನೆಯಾದ ಸಂತ ಎಫ್ರೇಮ್ ಸಂಶೋಧನ ಕೇಂದ್ರವೂ ಅಫ್ರಹಾತನ ನಿರೂಪಣೆಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದೆ. ಪೋಪ್ 16ನೇ ಬೆನೆಡಿಕ್ಟ್ 2007ರ ನವೆಂಬರ್ 21ರ ತಮ್ಮ ಸಾರ್ವಜನಿಕ ಉಪನ್ಯಾಸವನ್ನು ಈ ಸಂತನಿಗೇ ಮೀಸಲಿಟ್ಟಿದ್ದರು.

ಕಾಣಿಕೆಯಾಗಿ ಪ್ರಾರ್ಥನೆ

ಅಫ್ರಹಾತ್ ಆರಂಭಿಸುವುದು ಹೃದಯಶುದ್ಧಿಯಿಂದ. ಗಟ್ಟಿಯಾಗಿ ಹೇಳುವ ಪ್ರಾರ್ಥನೆಗಳಿಗಿಂತ ನಿರ್ಮಲವಾದ ಹೃದಯವೇ ಮಿಗಿಲಾದ ಪ್ರಾರ್ಥನೆ, ಕೂಗಿಗಿಂತ ಪ್ರಾಮಾಣಿಕ ಮನಸ್ಸಿನ ಮೌನ ಮೇಲು ಎಂಬುದು ಅವನ ಮೊದಲ ಮಾತು. ಇದನ್ನು ತೋರಿಸಿಕೊಡಲು ಆತ ಕಾಯಿನ ಮತ್ತು ಹೇಬೆಲರ ಕಥೆ ಎತ್ತಿಕೊಳ್ಳುತ್ತಾನೆ. ಅಣ್ಣತಮ್ಮ ಇಬ್ಬರೂ ದೇವರಿಗೆ ಕಾಣಿಕೆ ತಂದರು, ತಮ್ಮನದು ಸ್ವೀಕಾರವಾಯಿತು, ಅಣ್ಣನದು ಆಗಲಿಲ್ಲ. ಅದು ಅವರಿಗೆ ಗೊತ್ತಾದದ್ದು ಹೇಗೆ? ಆಕಾಶದಿಂದ ಬೆಂಕಿ ಇಳಿದು ಹೇಬೆಲನ ಕಾಣಿಕೆಯನ್ನು ಮಾತ್ರ ದಹಿಸಿತು ಎನ್ನುತ್ತಾನೆ ಅಫ್ರಹಾತ್. ಬೈಬಲಿನ ಮೂಲಕಥೆಯಲ್ಲಿ ಈ ಬೆಂಕಿಯಿಲ್ಲ. ಯೆಹೂದಿ ವ್ಯಾಖ್ಯಾನಗಳಲ್ಲಿ ಬಳಕೆಯಲ್ಲಿದ್ದ ಈ ಎಳೆಯನ್ನು ಅವನು ಕಾರ್ಮೆಲ್ ಬೆಟ್ಟದಲ್ಲಿ ಎಲೀಯನ ಬಲಿಯ ಮೇಲೆ ಇಳಿದ ಬೆಂಕಿಗೆ ಹೆಣೆಯುತ್ತಾನೆ. ಕಾಣಿಕೆಯ ವಸ್ತುವಿನಲ್ಲಿ ಹೆಚ್ಚುಕಡಿಮೆ ಇರಲಿಲ್ಲ, ತಂದವನ ಹೃದಯದಲ್ಲಿತ್ತು ಎಂಬುದು ಅವನ ತೀರ್ಮಾನ.

ಆಮೇಲೆ ಹಳೆಯ ಒಡಂಬಡಿಕೆಯ ದೊಡ್ಡ ಸಾಲೇ ಬರುತ್ತದೆ. ಮೋಶೆಯ ಪ್ರಾರ್ಥನೆ ಕಡಲನ್ನು ಸೀಳಿತು, ಯೆಹೋಶುವನದು ಜೋರ್ಡಾನ್ ಹೊಳೆಯನ್ನು ತಡೆಯಿತು, ಹನ್ನಳದು ಬಂಜೆತನ ನೀಗಿಸಿತು, ದಾನಿಯೇಲನದು ಸಿಂಹಗಳ ಬಾಯಿ ಕಟ್ಟಿತು, ಯೋನನದು ಪಾತಾಳದಿಂದ ಮೇಲೇರಿತು. ಈ ಪಟ್ಟಿ ಇಂದಿನ ಓದುಗರಿಗೆ ಉದ್ದವೆನಿಸಬಹುದು. ನಿರೂಪಣೆಯ ನಿಜವಾದ ಹೊಳಪು ಇರುವುದು ಇದಾದ ಮೇಲಿನ ಪುಟಗಳಲ್ಲಿ.

ಕೋಣೆ ಮತ್ತು ಬಾಗಿಲು

ಪ್ರಾರ್ಥಿಸುವಾಗ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಬೇಕೆಂದು ಮತ್ತಾಯನ ಶುಭಸಂದೇಶದಲ್ಲಿ ಕ್ರಿಸ್ತ ಹೇಳುತ್ತಾನೆ. ಇದು ಯಾವ ಬಾಗಿಲು ಎಂದು ಅಫ್ರಹಾತ್ ಕೇಳುತ್ತಾನೆ. ಬಾಗಿಲೆಂದರೆ ಬಾಯಿ. ಕೋಣೆಯೆಂದರೆ ಕ್ರಿಸ್ತ ನೆಲೆಸಿರುವ ಒಳಮನೆ, ಅಂದರೆ ಮನುಷ್ಯನೇ. ಬಾಯಿ ಮುಚ್ಚಿದಾಗ ಆತ ಒಳಗೆ ಬಂದು ಮನೆಯನ್ನು ಶುದ್ಧಮಾಡುತ್ತಾನೆ. ಹಾಗಲ್ಲದೆ ಗೋಡೆ ಬಾಗಿಲುಗಳ ಕೋಣೆಯೆಂದೇ ಹಿಡಿದರೆ, ಮನೆಯೇ ಇಲ್ಲದ ಮರುಭೂಮಿಯಲ್ಲಿರುವವನು, ಬೆಟ್ಟದ ತುದಿಯಲ್ಲಿರುವವನು ಗುಟ್ಟಾಗಿ ಪ್ರಾರ್ಥಿಸಲಾರನೇ ಎಂದು ಮರುಪ್ರಶ್ನೆ ಹಾಕುತ್ತಾನೆ.

ದೇಹವನ್ನು ದೇಗುಲವಾಗಿ ಕಂಡ ಬಸವಣ್ಣನವರ ವಚನ ಓದಿ ಬೆಳೆದ ಕನ್ನಡಿಗರಿಗೆ ಈ ವಿಚಾರ ಕೂಡಲೇ ದಕ್ಕುತ್ತದೆ. ಎರಡಕ್ಕೂ ನಡುವೆ ಎಂಟು ಶತಮಾನಗಳ ಅಂತರವಿದೆ, ಬೇರುಗಳೂ ಬೇರೆ. ಅಫ್ರಹಾತ್ ನಿಂತಿರುವುದು ಭಕ್ತರೇ ದೇವರ ಆಲಯವೆಂದ ಸಂತ ಪೌಲನ ಬೋಧನೆಯ ಮೇಲೆ. ಹೋಲಿಕೆಯನ್ನು ಸಂಬಂಧವೆಂದು ಎಳೆಯಬೇಕಾಗಿಲ್ಲ.

ಬಿಟಿಎಂ, ತಾವರೆಕೆರೆ, ಸುದ್ದಗುಂಟೆಪಾಳ್ಯದ ಪಿಜಿಗಳಲ್ಲಿ ಮೂರು ನಾಲ್ಕು ಜನ ಒಂದೇ ಕೋಣೆ ಹಂಚಿಕೊಂಡು ಇರುವ ವಿದ್ಯಾರ್ಥಿಗಳಿಗೂ ಉದ್ಯೋಗಿಗಳಿಗೂ ಈ ಭಾಗ ನೇರವಾಗಿ ಅನ್ವಯಿಸುತ್ತದೆ. ಮುಚ್ಚಿಕೊಳ್ಳಲು ಸ್ವಂತದ್ದೆಂಬ ಬಾಗಿಲೇ ಅವರಿಗಿಲ್ಲ. ಒಬ್ಬ ಫೋನಿನಲ್ಲಿ ಮಾತಾಡುತ್ತಿರುತ್ತಾನೆ, ಇನ್ನೊಬ್ಬ ರಾತ್ರಿಪಾಳಿ ಮುಗಿಸಿ ಮಲಗಿರುತ್ತಾನೆ. ಏಕಾಂತ ಸಿಕ್ಕಾಗ ಪ್ರಾರ್ಥಿಸುತ್ತೇನೆ ಎಂದು ಕಾಯುವವರಿಗೆ ಅಫ್ರಹಾತನ ಉತ್ತರ 337ರ ವೇಳೆಗೇ ಸಿದ್ಧವಾಗಿತ್ತು.

ಕ್ಷಮೆ ಮೊದಲು

ಪ್ರಾರ್ಥನೆ ಕಾಣಿಕೆಯಾದರೆ ಅದನ್ನು ಪರೀಕ್ಷಿಸುವವರೂ ಇರಬೇಕು. ಮನುಷ್ಯರ ಪ್ರಾರ್ಥನೆಗಳನ್ನು ದೇವರ ಮುಂದೆ ಒಯ್ಯುವವನು ಗಬ್ರಿಯೇಲ ದೂತ, ಕಳಂಕವಿರುವ ಕಾಣಿಕೆಯನ್ನು ಅವನು ಮೇಲಕ್ಕೆ ತರುವುದಿಲ್ಲ ಎಂಬುದು ಅಫ್ರಹಾತನ ಕಲ್ಪನೆ. ಯಾವುದು ಈ ಕಳಂಕ? ತನ್ನನ್ನು ಕ್ಷಮಿಸು ಎಂದು ಬೇಡುತ್ತಾ ಇನ್ನೊಬ್ಬನನ್ನು ಕ್ಷಮಿಸದೆ ಇರುವುದು. ಆದ್ದರಿಂದ ಪ್ರಾರ್ಥನೆಗೆ ನಿಲ್ಲುವ ಮುಂಚೆ ಮನಸ್ಸಿನೊಳಗೆ ಹುಡುಕಿ ನೋಡಿಕೊ, ನಾನು ಕ್ಷಮಿಸುತ್ತೇನೆ ಎಂದು ಬಾಯಲ್ಲಿ ಹೇಳುವ ಮಾತು ನಿಜವೋ ಸುಳ್ಳೋ ಎಂದು ಅವನು ಎಚ್ಚರಿಸುತ್ತಾನೆ. ಒಡೆಯನಿಂದ ದೊಡ್ಡ ಸಾಲ ಮನ್ನಾ ಮಾಡಿಸಿಕೊಂಡು, ತನಗೆ ಚಿಲ್ಲರೆ ಬಾಕಿಯಿದ್ದವನ ಕುತ್ತಿಗೆ ಹಿಡಿದ ಸೇವಕನ ಸಾಮತಿ, ಅಂದರೆ ಕ್ರಿಸ್ತನ ದೃಷ್ಟಾಂತ ಕಥೆ, ಇದರ ಹಿನ್ನೆಲೆಯಲ್ಲಿದೆ.

ಮೂರನೇ ಶತಮಾನದ ಕ್ರೈಸ್ತ ಲೇಖಕರಾದ ತೆರ್ತುಲಿಯನ್, ಒರಿಗೆನ್, ಸಿಪ್ರಿಯನ್ ಮೂವರೂ ಪ್ರಾರ್ಥನೆಯ ಬಗ್ಗೆ ಬರೆದವರು. ಕ್ಷಮೆಯ ವಿಷಯ ಅವರಲ್ಲೂ ಇದೆ, ಆದರೆ ಕ್ರಿಸ್ತ ಕಲಿಸಿದ ಪ್ರಾರ್ಥನೆಯ ಒಂದು ಸಾಲಿನ ವಿವರಣೆಯಾಗಿ ಬರುತ್ತದೆ. ಅಫ್ರಹಾತನಲ್ಲಿ ಅದು ಇಡೀ ಪ್ರಾರ್ಥನೆ ಒಳಹೋಗುವ ಹೊಸ್ತಿಲು.

ದಣಿದವರಿಗೆ ವಿಶ್ರಾಂತಿ

ಪ್ರವಾದಿ ಯೆಶಾಯನ ಗ್ರಂಥದಲ್ಲಿ ದಣಿದವರಿಗೆ ವಿಶ್ರಾಂತಿ ಕೊಡುವುದೇ ದೇವರು ಬಯಸುವ ವಿಶ್ರಾಂತಿ ಎಂಬ ಅರ್ಥದ ಮಾತೊಂದಿದೆ. ಅದನ್ನು ಹಿಡಿದು ಅಫ್ರಹಾತ್ ತನ್ನ ನಿರೂಪಣೆಯ ಅತ್ಯಂತ ದಿಟ್ಟ ಹೆಜ್ಜೆ ಇಡುತ್ತಾನೆ. ರೋಗಿಯನ್ನು ನೋಡಿಕೊಳ್ಳುವುದು, ಬಡವನಿಗೆ ಬೇಕಾದ್ದು ಒದಗಿಸುವುದು, ದಣಿದವನ ದಣಿವಾರಿಸುವುದು ಪ್ರಾರ್ಥನೆಗೆ ಪೂರಕವಷ್ಟೇ ಅಲ್ಲ, ಅದೇ ಪ್ರಾರ್ಥನೆ. ಇಷ್ಟನ್ನು ಮಾಡಿದವನು ಬೇರೆಯಾಗಿ ಕ್ಷಮೆ ಬೇಡಬೇಕಾಗಿಲ್ಲ ಎನ್ನುವಷ್ಟು ದೂರ ಅವನು ಹೋಗುತ್ತಾನೆ.

ಇದಕ್ಕೆ ಅವನು ಕೊಡುವ ದೃಷ್ಟಾಂತ ಓದುಗನನ್ನೇ ಪಾತ್ರವಾಗಿಸುತ್ತದೆ. ನೀನು ದೂರ ಪ್ರಯಾಣ ಹೊರಟಿದ್ದೀಯೆ, ಬಿಸಿಲಿನಲ್ಲಿ ನಾಲಗೆ ಒಣಗಿದೆ, ಎದುರಿಗೆ ಸಹೋದರನೊಬ್ಬ ಸಿಕ್ಕಿದ. ನೀರು ಕೇಳಿದೆ. ಅವನು, ಈಗ ಪ್ರಾರ್ಥನೆಯ ವೇಳೆ, ಮುಗಿಸಿ ಬರುತ್ತೇನೆ ಎಂದು ಹೋದ. ಅವನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ನೀನು ಬಾಯಾರಿ ಸತ್ತೆ. ಯಾವುದು ಒಳ್ಳೆಯದಿತ್ತು ಹೇಳು, ಅವನು ಪ್ರಾರ್ಥನೆಗೆ ಹೋದದ್ದೋ ಅಥವಾ ನಿನಗೆ ನೀರು ಕೊಡುವುದೋ? ಇಷ್ಟಕ್ಕೇ ನಿಲ್ಲದೆ ಅದೇ ಪ್ರಸಂಗವನ್ನು ಚಳಿಗಾಲಕ್ಕೆ, ಮಳೆ ಹಿಮಗಳ ನಡುವೆ ನಡುಗುವವನಿಗೆ ಹೊಂದಿಸಿ ಮತ್ತೊಮ್ಮೆ ಹೇಳುತ್ತಾನೆ. ಈ ಪುನರುಕ್ತಿ ಬೇಕೆಂದೇ ಮಾಡಿದ್ದು. ಯಾವ ಋತುವಿನಲ್ಲೂ ತಪ್ಪಿಸಿಕೊಳ್ಳಲು ಸಂದು ಬಿಡಬಾರದೆಂಬ ಹಟ ಅದರಲ್ಲಿದೆ. ದೃಷ್ಟಾಂತದಲ್ಲಿ ಬರುವ ಸಹೋದರ ಕೆಟ್ಟವನಲ್ಲ ಎಂಬುದನ್ನೂ ಗಮನಿಸಬೇಕು. ಅವನು ವೇಳೆಗೆ ಸರಿಯಾಗಿ ಪ್ರಾರ್ಥಿಸುವ ಶಿಸ್ತಿನ ಭಕ್ತ. ಅಫ್ರಹಾತನ ಕಳವಳ ನಾಸ್ತಿಕರ ಬಗ್ಗೆ ಇಲ್ಲ, ಇಂಥ ಭಕ್ತರ ಬಗ್ಗೆ ಇದೆ.

ಇದೇ ಶತಮಾನದ ಕೊನೆಗೆ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಪ್ರಾರ್ಥನೆಯ ಬಗ್ಗೆ 153 ಕಿರು ಅಧ್ಯಾಯಗಳನ್ನು ಬರೆದ. ಅಲ್ಲಿ ಪ್ರಾರ್ಥನೆಯೆಂದರೆ ಮನಸ್ಸಿನಿಂದ ಎಲ್ಲ ಯೋಚನೆಗಳನ್ನೂ ಕಳಚುವ ಸಾಧನೆ. ಮುಂದಿನ ಸಿರಿಯಾಕ್ ಯೋಗಿಗಳು, ವಿಶೇಷವಾಗಿ 7ನೇ ಶತಮಾನದ ನಿನೆವೆಯ ಇಸಾಕ್, ಇವಾಗ್ರಿಯಸ್‌ನಿಂದ ಬಹಳ ಕಲಿತರು. ಆದರೂ ಹಾವು ಹುಳುಗಳನ್ನೂ ಒಳಗೊಂಡು ಸಕಲ ಸೃಷ್ಟಿಗಾಗಿ ಉರಿಯುವ ಹೃದಯವನ್ನು ಕುರಿತ ಇಸಾಕನ ಬೋಧನೆಯಲ್ಲಿ ಹಳೆಯ ಪರ್ಷಿಯದ ಜ್ಞಾನಿಯ ದನಿಯೂ ಕೇಳಿಸುತ್ತದೆ ಎಂದು ಈ ಲೇಖಕನಿಗೆ ತೋರುತ್ತದೆ. ಇಸಾಕನ ಹೆಸರನ್ನು ಪೋಪ್ ಫ್ರಾನ್ಸಿಸ್ 2024ರ ನವೆಂಬರಿನಲ್ಲಿ ರೋಮನ್ ಸಂತರ ಪಟ್ಟಿಗೆ ಸೇರಿಸಿದರು.

ದಕ್ಷಿಣ ಬೆಂಗಳೂರಿನಲ್ಲಿ ಸಿರಿಯಾಕ್ ಪರಂಪರೆ

ಪರ್ಷಿಯದ ಸಭೆಗೂ ಭಾರತದ ಪಶ್ಚಿಮ ಕರಾವಳಿಗೂ ಇದ್ದ ನಂಟು ಹಳೆಯದು. 6ನೇ ಶತಮಾನದ ಗ್ರೀಕ್ ಪ್ರವಾಸಿ ಕಾಸ್ಮಾಸ್, ಕಲ್ಲಿಯಾನ ಎಂಬಲ್ಲಿ ಪರ್ಷಿಯದಿಂದ ನೇಮಕವಾದ ಧರ್ಮಾಧ್ಯಕ್ಷನಿದ್ದನೆಂದು ದಾಖಲಿಸುತ್ತಾನೆ. ಆ ಊರು ಮುಂಬಯಿ ಬಳಿಯ ಕಲ್ಯಾಣವೆಂದು ಕೆಲವರು, ಉಡುಪಿ ಬಳಿಯ ಕಲ್ಯಾಣಪುರವೆಂದು ಕೆಲವರು ವಾದಿಸುತ್ತಾರೆ. ಪರಂಪರೆ ಅವಿಚ್ಛಿನ್ನವಾಗಿ ಉಳಿದದ್ದು ಕೇರಳದ ತೋಮಾಸ್ ಕ್ರೈಸ್ತರಲ್ಲಿ. ಅವರಲ್ಲಿ ಸಿರೋ-ಮಲಬಾರ್ ಸಭೆಯವರ ಬಲಿಪೂಜೆ, ಅಂದರೆ ಕುರ್ಬಾನ, 1962ರಲ್ಲಿ ಮಲಯಾಳಕ್ಕೆ ಬರುವವರೆಗೂ ಸಿರಿಯಾಕಿನಲ್ಲೇ ನಡೆಯುತ್ತಿತ್ತು.

ಈ ಸಮುದಾಯದ ಸಿಎಂಐ ಸನ್ಯಾಸಿ ಸಭೆ 1831ರಲ್ಲಿ ಮಾನ್ನಾನಂನಲ್ಲಿ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬರಾದ ಚಾವರ ಕುರಿಯಾಕೋಸ್ ಎಲಿಯಾಸ್ 2014ರಲ್ಲಿ ಸಂತರೆಂದು ಘೋಷಿತರಾದರು. ಚಂಗನಾಶ್ಶೇರಿ ಬಳಿಯ ಚೆತ್ತಿಪ್ಪುಳದಲ್ಲಿದ್ದ ಈ ಸಭೆಯ ಗುರುಮಠ 1957ರಲ್ಲಿ ಬೆಂಗಳೂರಿನ ಹೊಸೂರು ರಸ್ತೆಗೆ ಸ್ಥಳಾಂತರವಾಗಿ ಧರ್ಮಾರಾಮ್ ಎನಿಸಿತು. 1969ರಲ್ಲಿ ಅದೇ ಆವರಣದಲ್ಲಿ ಕ್ರೈಸ್ಟ್ ಕಾಲೇಜು ಆರಂಭವಾಯಿತು, 2008ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಿತು. ಸರ್ವಧರ್ಮ ಅಧ್ಯಯನಕ್ಕೆ ಮೀಸಲಾದ ‘ಜರ್ನಲ್ ಆಫ್ ಧರ್ಮ’ 1975ರಿಂದ ಇಲ್ಲಿಂದ ಹೊರಡುತ್ತಿದೆ. 2010ರಲ್ಲಿ ರಚನೆಯಾದ ಮಂಡ್ಯದ ಸಿರೋ-ಮಲಬಾರ್ ಧರ್ಮಪ್ರಾಂತದ ವ್ಯಾಪ್ತಿಗೆ 2015ರಲ್ಲಿ ಬೆಂಗಳೂರೂ ಸೇರಿತು. ನಗರದ ಇನ್ನೊಂದು ಅಂಚಿನಲ್ಲಿರುವ ಕೆಂಗೇರಿಗೂ ಈ ಕಥೆಯಲ್ಲಿ ಪುಟ್ಟ ಪಾಲಿದೆ. 1955ರಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಮೊದಲು ನೆಲೆಸಿದ್ದು ಅಲ್ಲಿ. 1958ರಲ್ಲಿ ಅವರು ಕೇರಳದ ಕುರಿಸುಮಲೆ ಆಶ್ರಮದ ಸ್ಥಾಪನೆಗೆ ಕೈಜೋಡಿಸಿ, ಸಿರಿಯಾಕ್ ವಿಧಿಯ ಪ್ರಾರ್ಥನೆಯನ್ನು ತಮ್ಮದಾಗಿಸಿಕೊಂಡರು.

ಅಫ್ರಹಾತನ ಬೋಧನೆ ಈ ಸಮುದಾಯದಲ್ಲಿ ಬದುಕಿರುವುದು ಪುಸ್ತಕಗಳಿಗಿಂತ ಹೆಚ್ಚಾಗಿ ಕೈಗಳಲ್ಲಿ. ಕುರ್ಬಾನದಲ್ಲಿ ಬಲಿಯ ಮುಖ್ಯ ಪ್ರಾರ್ಥನೆಗೆ ಮುನ್ನ ಸಮಾಧಾನ ಹಂಚುವ ವಿಧಿಯಿದೆ. ಪೂಜಾಪೀಠದ ಬಳಿಯಿಂದ ಸೇವಕ ಕೈಜೋಡಿಸಿ ಸಮಾಧಾನವನ್ನು ಪಡೆದು ಮುಂದಿನ ಸಾಲಿಗೆ ತರುತ್ತಾನೆ. ಅಲ್ಲಿರುವವರು ಅವನ ಜೋಡಿಸಿದ ಅಂಗೈಗಳನ್ನು ತಮ್ಮ ಅಂಗೈಗಳಿಂದ ಮುಟ್ಟಿ ಸ್ವೀಕರಿಸಿ, ಹಿಂದಿನವರಿಗೆ ತಿರುಗಿ ಹಾಗೆಯೇ ದಾಟಿಸುತ್ತಾರೆ. ಸಾಲಿನಿಂದ ಸಾಲಿಗೆ ಅದು ಕೊನೆಯ ಬೆಂಚಿನವರೆಗೂ ಹೋಗುತ್ತದೆ. ಮಲಯಾಳದಲ್ಲಿ ಇದಕ್ಕೆ ಕೈಯಸ್ತೂರಿ ಎನ್ನುತ್ತಾರೆ. ಪಕ್ಕದವರ ಜೊತೆ ಮನಸ್ತಾಪವಿದ್ದರೂ ಆ ಗಳಿಗೆಯಲ್ಲಿ ಕೈ ಚಾಚದೆ ವಿಧಿಯಿಲ್ಲ. ಕಾಣಿಕೆಗೆ ಮುಂಚೆ ರಾಜಿ ಎಂಬ ಅಫ್ರಹಾತನ ಕ್ರಮವೇ ಇಲ್ಲಿ ಪೂಜೆಯ ಕ್ರಮವಾಗಿದೆ. ಮನೆಗಳಲ್ಲಿಯೂ ಸಂಜೆಯ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಅಜ್ಜ ಅಜ್ಜಿ, ಅಪ್ಪ ಅಮ್ಮ, ಅಣ್ಣ ಅಕ್ಕ ಹೀಗೆ ಹಿರಿತನದ ಪ್ರಕಾರ ಒಬ್ಬೊಬ್ಬರ ಬಳಿಗೂ ಹೋಗಿ ಕೈಮುಗಿದು ‘ಸ್ತುತಿ’ ಹೇಳುವ ವಾಡಿಕೆಯಿದೆ. ಹಗಲಿನಲ್ಲಿ ಜಗಳವಾಡಿದ್ದ ಅಣ್ಣತಮ್ಮಂದಿರಿಗೂ ಅದರಿಂದ ವಿನಾಯಿತಿಯಿಲ್ಲ.

ದಣಿದವರ ಮಾತಿಗೆ ಬಂದರೆ, ಧರ್ಮಾರಾಮ್ ಇರುವ ಜಾಗವೇ ಅಫ್ರಹಾತನ ದೃಷ್ಟಾಂತವನ್ನು ನೆನಪಿಗೆ ತರುತ್ತದೆ. ಡೇರಿ ಸರ್ಕಲ್ ದಾಟಿದರೆ ಸ್ವಲ್ಪ ದೂರದಲ್ಲೇ ನಿಮ್ಹಾನ್ಸ್, ಕಿದ್ವಾಯಿ ಗಂಥಿ ಆಸ್ಪತ್ರೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಜಯನಗರದ ಕಡೆಗೆ ಸಂಜಯ ಗಾಂಧಿ ಅಪಘಾತ ಚಿಕಿತ್ಸಾ ಸಂಸ್ಥೆ, ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ. ರಾಯಚೂರು, ಕಲಬುರಗಿ, ಬಳ್ಳಾರಿ, ಚಾಮರಾಜನಗರದಿಂದ ರಾತ್ರಿ ಬಸ್ಸಿನಲ್ಲಿ ಬಂದವರು ಚೀಟಿ ಮಾಡಿಸುವ ಸಾಲಿನಲ್ಲಿ ಬೆಳಗಿನ ಜಾವದಿಂದ ನಿಂತಿರುತ್ತಾರೆ. ಕಿದ್ವಾಯಿಯಂಥ ಕಡೆ ಧರ್ಮಶಾಲೆಯಿದ್ದರೂ ಎಲ್ಲರಿಗೂ ಜಾಗ ಸಿಗದು, ರೋಗಿಯ ಜೊತೆ ಬಂದವರು ಚಾಪೆ ಹಾಸಿ ಆವರಣದಲ್ಲೇ ಮಲಗುತ್ತಾರೆ. ದೂರದ ದಾರಿ ಬಂದು ಬಾಯಾರಿ ನಿಂತವರು ಯಾರೆಂದು ಈ ಭಾಗದ ಓದುಗರು ಗ್ರಂಥದಲ್ಲಿ ಹುಡುಕಬೇಕಾಗಿಲ್ಲ. ಯಾವ ಸಭೆಯವರೇ ಆಗಲಿ, ಯಾವ ಧರ್ಮದವರೇ ಆಗಲಿ, ಅಲ್ಲಿ ಗಂಜಿ ಹಂಚುವವರು, ಔಷಧಿ ಅಂಗಡಿಯ ದಾರಿ ತೋರಿಸುವವರು, ಅರ್ಜಿ ಬರೆದುಕೊಡುವವರು ಮಾಡುತ್ತಿರುವ ಕೆಲಸಕ್ಕೆ ಅಫ್ರಹಾತನ ಲೆಕ್ಕದಲ್ಲಿ ಪ್ರಾರ್ಥನೆಯೆಂದೇ ಹೆಸರು.

ಎಚ್ಚರಿಕೆಯ ಮಾತು

ಸೇವೆಯೇ ಪ್ರಾರ್ಥನೆ ಎಂದ ಮೇಲೆ ಪ್ರಾರ್ಥನೆಯನ್ನು ಬಿಟ್ಟುಬಿಡಬಹುದಲ್ಲ ಎಂದು ಯಾರಾದರೂ ತಿಳಿದಾರೆಂದು ಅಫ್ರಹಾತ್ ಮೊದಲೇ ಊಹಿಸಿದ್ದ. ಕೂಡಲೇ ಅದಕ್ಕೆ ಉತ್ತರವನ್ನೂ ಕೊಡುತ್ತಾನೆ: ಇಷ್ಟು ಹೇಳಿದೆನೆಂದು ಪ್ರಾರ್ಥನೆಯಲ್ಲಿ ಸಡಿಲವಾಗಬೇಡ, ಇನ್ನೂ ಹುರುಪಿನಿಂದ ಅದರಲ್ಲಿ ತೊಡಗು, ನಿದ್ದೆ ತೂಕಡಿಕೆಗಳನ್ನು ದೂರವಿಟ್ಟು ಹಗಲೂ ರಾತ್ರಿಯೂ ಎಚ್ಚರವಾಗಿರು, ಎದೆಗುಂದಬೇಡ. ಇವನನ್ನು ಬರೀ ಸಮಾಜಸೇವೆಯ ಸಂತನಾಗಿ ಓದುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ. ನೀರು ಕೊಟ್ಟ ಮೇಲೆ ಆ ಸಹೋದರ ಪ್ರಾರ್ಥನೆಗೆ ಹೋಗಲೇಬೇಕು ಎಂಬುದು ಗ್ರಂಥದ ಪೂರ್ತಿ ಅಭಿಪ್ರಾಯ.

ಹಾಗೆ ಹೋದವನು ಏನು ಹೇಳಬೇಕೆಂಬುದನ್ನೂ ನಿರೂಪಣೆಯ ಕೊನೆಯ ಭಾಗ ಹೇಳುತ್ತದೆ. ಪ್ರಾರ್ಥನೆ ಮೂರು ಬಗೆ: ಬೇಡಿಕೆ, ಕೃತಜ್ಞತೆ, ಸ್ತುತಿ. ಪಾಪಕ್ಕೆ ಕರುಣೆ ಕೇಳುವಾಗ, ಸಂಕಟದಲ್ಲಿರುವಾಗ ಬೇಡಿಕೆ. ಬೇಕಾದ್ದು ದೊರಕಿದಾಗ ಕೃತಜ್ಞತೆ. ಮನಸ್ಸು ಹಿಗ್ಗಿರುವಾಗ ದೇವರ ಕಾರ್ಯಗಳಿಗೆ ಸ್ತುತಿ. ಮೂರನ್ನೂ ಹೊತ್ತು ಹೊತ್ತಿಗೆ ಸಲ್ಲಿಸುವ ಯಾಮಪ್ರಾರ್ಥನೆಯ ಕ್ರಮವನ್ನು ಪೂರ್ವ ಸಿರಿಯಾಕ್ ಸಭೆ ಮುಂದೆ ರೂಪಿಸಿಕೊಂಡಿತು. ಅದರಲ್ಲಿ ಸಂಜೆಯದು ರಂಶಾ, ರಾತ್ರಿಯದು ಲೆಲ್ಯಾ, ಬೆಳಗಿನದು ಸಪ್ರಾ. ಸೂರ್ಯಾಸ್ತದಿಂದ ದಿನ ಎಣಿಸುವ ಯೆಹೂದಿ ರೂಢಿಯನ್ನು ಉಳಿಸಿಕೊಂಡಿರುವುದರಿಂದ ಈ ಪರಂಪರೆಯಲ್ಲಿ ದಿನದ ಮೊದಲ ಪ್ರಾರ್ಥನೆ ರಂಶಾ.